ಕಿವಿಯೊಳಗಿನ ಜೀರುಂಡೆ

ಬಾಡದಿಂದ ಬೆಳಗಿನ ಬಸ್ಸಿಗೆ ಕುಮಟೆಗೆ ಬಂದು ಹೆದ್ದಾರಿ ಬದಿಯ ಅಂಗಡಿಯಲ್ಲಿ ಕೂರುವವರ ಕಷ್ಟ ಗೊತ್ತಾಗುವುದು ರಾತ್ರಿ. ಮನೆಗೆ ಹೋಗಿ ಮಲಗಿದರೂ ಕಿವಿಯಲ್ಲಿ 'ಗುಂಯ್' ಅನ್ನೋದು ನಿಲ್ಲದು. ಹೊರಗೆ ಜೀರುಂಡೆ ಇಲ್ಲ, ಕೂಗು ಒಳಗಿನದು. ವೈದ್ಯರು ಇದಕ್ಕೆ ಟಿನಿಟಸ್ ಎನ್ನುತ್ತಾರೆ.

ಹೆದ್ದಾರಿಯ ನಂಬರು 17 ಹೋಗಿ 66 ಆಯಿತು. ಹಾರನ್ ಮಾತ್ರ ಕಮ್ಮಿಯಾಗಲಿಲ್ಲ. 2000ದ ನಿಯಮದಂತೆ ಪೇಟೆಯಲ್ಲಿ ಸದ್ದಿನ ಮಿತಿ ಹಗಲು 65 ಡೆಸಿಬಲ್, ರಾತ್ರಿ 55. ಲಾರಿಯವರಿಗೆ ಇದನ್ನು ಹೇಳೋರು ಯಾರು?

ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬೇಕಷ್ಟೆ. ಹತ್ತಿ ತುರುಕಿದರೆ ಹೆಚ್ಚು ಪ್ರಯೋಜನವಿಲ್ಲ. ಮೆಡಿಕಲ್ ಶಾಪಿನ ಫೋಮ್ ಬಿರಡೆಯನ್ನು ಬೆರಳಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ತೂರಿಸಿ, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ಆಟಕ್ಕೆ ಹೋದರೆ ಧ್ವನಿವರ್ಧಕದ ಬುಡದಲ್ಲಿ ಕೂರುವುದು ಬೇಡ. ನಾಲ್ಕು ಸಾಲು ಹಿಂದೆ ಕೂತರೂ ಬಣ್ಣದ ವೇಷ ಕಾಣುತ್ತದೆ!

ಹಾಗಂತ ದಿನವಿಡೀ ಬಿರಡೆ ಬೇಡ. ಸದ್ದಿಲ್ಲದ ಕಡೆ ಕಿವಿ ಮುಚ್ಚಿದರೆ ಒಳಗಿನ ಕೂಗೇ ಜೋರು. ಮಲಗುವಾಗ ಫ್ಯಾನೋ, ಸಣ್ಣಗೆ ರೇಡಿಯೋವೋ ಇರಲಿ. ಒಂದೇ ಕಿವಿಯಲ್ಲಿ ಕೂಗಿದರೆ ತೋರಿಸಿಕೊಳ್ಳಬೇಕು. ಕೇಳುವುದೇ ಥಟ್ಟನೆ ಕಮ್ಮಿಯಾದರೆ ಎಣ್ಣೆ ಬಿಡುತ್ತ ಕೂರದೆ ಅದೇ ದಿನ ಕಿವಿ ಡಾಕ್ಟರ ಬಳಿ ಓಡಬೇಕು.