ಸೋರುವ ಸೂರಿಗೆ ಬರುವ ಅಲೆಮಾರಿಗಳು

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಕಾಡಂಚಿಗೋ ಕೆರೆಯಂಚಿಗೋ ಇರುವ ಕ್ರೈಸ್ತ ಶಿಬಿರಗಳನ್ನು ನೋಡಿಕೊಳ್ಳುವವರಿಗೆ ಈ ಲೆಕ್ಕ ಬಾಯಿಪಾಠ. ಪೈಪಿನ ತಿರುವಿನಲ್ಲಿ ಬೊಗಸೆಯಷ್ಟು ನೀರು ಉಳಿದರೂ ಸಾಕು, ಚಳಿಗಾಲದಲ್ಲಿ ಪೈಪು ಸೀಳುತ್ತದೆ. ವಸಂತದಲ್ಲಿ ನೀರು ಬಿಟ್ಟಾಗ ಗೋಡೆಯೊಳಗೇ ಬುಗ್ಗೆ ಏಳುತ್ತದೆ.

ಬಯಲಲ್ಲಿ ಡೇರೆ ಹಾಕಿ ದಿನಗಟ್ಟಲೆ ಪ್ರಾರ್ಥನೆ, ಪ್ರವಚನ ನಡೆಸುವುದು ಅಲ್ಲಿ ಹಳೆಯ ರೂಢಿ. 1801ರಲ್ಲಿ ಕೆಂಟಕಿಯ ಕೇನ್ ರಿಡ್ಜ್‌ನಲ್ಲಿ ಹಾಗೆ ಸಾವಿರಾರು ಜನ ಸೇರಿದ್ದರು. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ 1835ರಲ್ಲಿ ಡೇರೆಗಳಿಂದ ಶುರುವಾದ ಮೆಥಡಿಸ್ಟರ ಕೂಟದ ಜಾಗದಲ್ಲಿ ಇಂದು ಮುನ್ನೂರರಷ್ಟು ಬಣ್ಣದ ಮರದ ಮನೆಗಳಿವೆ. ಮಕ್ಕಳ ಬೇಸಿಗೆ ಶಿಬಿರಗಳು ಅದರ ನಂತರದ ತಲೆಮಾರಿನವು: ಮರದ ಕೊಠಡಿಗಳು, ಒಂದರ ಮೇಲೊಂದು ಮಂಚ, ಒಂದು ಊಟದ ಮನೆ, ಒಂದು ಪ್ರಾರ್ಥನಾ ಮಂದಿರ. ಬಡವರ ಮಕ್ಕಳೂ ಬರಲಿ ಎಂದು ಶುಲ್ಕವನ್ನು ಹೆಚ್ಚು ಏರಿಸದವರೇ ಹಲವರು. ಹಾಗಾಗಿ ಎಷ್ಟೋ ಕಡೆ ಅಷ್ಟೂ ಕಟ್ಟಡಗಳಿಗೆ ದುರಸ್ತಿಯವನು ಒಬ್ಬನೇ.

ಅವನ ನೆರವಿಗೆ ಬರುವವರು ತಮ್ಮ ಮನೆಯನ್ನೇ ಓಡಿಸಿಕೊಂಡು ಬರುತ್ತಾರೆ. ಅಮೆರಿಕದಲ್ಲಿರುವ ಮಕ್ಕಳ ಬಳಿ ಹೋಗಿಬಂದ ನಮ್ಮ ಹಿರಿಯರು ಹೆದ್ದಾರಿಯಲ್ಲಿ ಬಸ್ಸಿನಷ್ಟು ಉದ್ದದ ಮನೆಗಾಡಿಗಳನ್ನು ಕಂಡಿರುತ್ತಾರೆ. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಒಳಗೇ ಇರುವ ಇವನ್ನು ಅಲ್ಲಿ ‘ಆರ್‌ವಿ’ ಎನ್ನುತ್ತಾರೆ. ನಿವೃತ್ತರಾದ ಎಷ್ಟೋ ದಂಪತಿಗಳು ಚಳಿಗಾಲವನ್ನು ಟೆಕ್ಸಾಸ್, ಅರಿಜೋನಾ, ಫ್ಲಾರಿಡಾದ ಬಿಸಿಲಲ್ಲಿ ಕಳೆದು, ಬೇಸಿಗೆಗೆ ಉತ್ತರದ ಹಾದಿ ಹಿಡಿಯುತ್ತಾರೆ. ಈ ತಿರುಗಾಟವನ್ನೇ ಸೇವೆಗೆ ತಿರುಗಿಸಿದ ಸಂಘಟನೆಗಳು ಹಲವಿವೆ. ಯುನೈಟೆಡ್ ಮೆಥಡಿಸ್ಟ್ ಸಭೆಯ ‘ನೋಮ್ಯಾಡ್ಸ್’ 1988ರಲ್ಲಿ ಆರಂಭವಾಯಿತು. ಹೆಸರಿನ ಅರ್ಥವೇ ಅಲೆಮಾರಿಗಳು. ‘ಸೋವರ್ಸ್’ ಎಂಬ ಇನ್ನೊಂದು ಬಳಗದ ಹೆಸರಿಗೆ ‘ಬಿತ್ತುವವರು’ ಎಂಬ ಅರ್ಥ. ಬೈಬಲ್ ಓದಿದವರಿಗೆ ಯೇಸು ಹೇಳಿದ ಬಿತ್ತುವವನ ಸಾಮ್ಯ ನೆನಪಾಗದೆ ಇರದು.

ಒಪ್ಪಂದ ಸರಳ. ಶಿಬಿರದವರು ಗಾಡಿ ನಿಲ್ಲಿಸಲು ಜಾಗ, ವಿದ್ಯುತ್, ನೀರು, ಕೊಳೆನೀರಿನ ಸಂಪರ್ಕ ಮತ್ತು ಕೆಲಸದ ಸಾಮಗ್ರಿ ಕೊಡಬೇಕು. ಸಂಬಳವಿಲ್ಲ, ದಾರಿಯ ಖರ್ಚೂ ಬಂದವರದೇ. ಧರ್ಮಕಾರ್ಯಕ್ಕೆ ಸ್ವಂತ ವಾಹನ ಓಡಿಸಿದರೆ ತೆರಿಗೆಯ ಆದಾಯದಿಂದ ಕಳೆಯಲು ಅಮೆರಿಕದ ಕಾನೂನು ಗೊತ್ತುಮಾಡಿದ ದರ ಮೈಲಿಗೆ 14 ಸೆಂಟ್. 1998ರಿಂದ ಅದೇ ದರ. ಹತ್ತು ಮೈಲಿಗೆ ಒಂದು ಗ್ಯಾಲನ್ ಕುಡಿಯುವ ಗಾಡಿಗೆ ಅದು ಯಾವ ಮೂಲೆಗೆ? ನೋಮ್ಯಾಡ್ಸ್ ತಂಡ ಸಾಮಾನ್ಯವಾಗಿ ಮೂರು ವಾರ ನಿಲ್ಲುತ್ತದೆ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಕೆಲಸ, ಸೋಮವಾರದಿಂದ ಗುರುವಾರದವರೆಗೆ. ಉಳಿದ ಮೂರು ದಿನ ಬಿಡುವು. ಎಪ್ಪತ್ತು ದಾಟಿದ ಮೊಣಕಾಲುಗಳಿಗೆ ಅದು ಬೇಕು.

ಮಕ್ಕಳಿಲ್ಲದ ವಸಂತ ಮತ್ತು ಶರತ್ಕಾಲಗಳೇ ಕೆಲಸದ ಕಾಲ. ಸೋರುವ ಮಾಡಿಗೆ ಹೊಸ ಹೊದಿಕೆ, ಹರಿದ ಸೊಳ್ಳೆ ಜಾಲರಿ, ಅಲುಗಾಡುವ ಮಂಚ, ಲಡ್ಡಾದ ಮೆಟ್ಟಿಲು, ಮಾಸಿದ ಪರದೆ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಚಳಿಗಾಲಕ್ಕೆ ಮುನ್ನ ನೀರು ತೆಗೆಯುವ ಕೆಲಸ. ಮುಖ್ಯ ವಾಲ್ವ್ ಮುಚ್ಚಿ, ತಗ್ಗಿನ ನಲ್ಲಿಗಳನ್ನೆಲ್ಲ ಬಿಚ್ಚಿ ನೀರು ಹರಿಯಬಿಡುತ್ತಾರೆ. ಆಮೇಲೆ ಕಂಪ್ರೆಸರ್ ಜೋಡಿಸಿ ಗಾಳಿ ಊದುತ್ತ, ಒಂದೊಂದೇ ನಲ್ಲಿ ತೆರೆಯುತ್ತ ಹೋಗುತ್ತಾರೆ. ಅಡಗಿದ್ದ ನೀರು ಸೀನಿದಂತೆ ಚಿಮ್ಮುತ್ತದೆ. ಬೇಸಿನ್ನಿನ ಕೆಳಗಿನ ಬಾಗಿದ ಕೊಳವೆಯನ್ನು ಮಾತ್ರ ಬರಿದು ಮಾಡಿ ಬಿಡುವಂತಿಲ್ಲ, ಚರಂಡಿಯ ವಾಸನೆ ಮೇಲೇರುತ್ತದೆ. ಅಲ್ಲಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ಸುರಿಯುತ್ತಾರೆ. ಹತ್ತಾರು ಕೊಠಡಿಗಳಲ್ಲಿ ಒಂದು ನಲ್ಲಿ ಮರೆತರೂ ಕೆಲಸ ಕೆಟ್ಟಂತೆ.

ಇವರೆಲ್ಲ ಬಡಗಿಗಳೋ ಪ್ಲಂಬರುಗಳೋ ಆಗಿರಬೇಕಿಲ್ಲ. ಜೀವನವಿಡೀ ಪಾಠ ಹೇಳಿದವರು ಅರವತ್ತೈದರ ಮೇಲೆ ಸ್ವಿಚ್ಚು ಜೋಡಿಸಲು ಕಲಿಯಬಹುದು. ಬಲ್ಲವರು ಪಕ್ಕದಲ್ಲಿ ನಿಂತು ಕಲಿಸುತ್ತಾರೆ. ನಿವೃತ್ತಿ ಎಂದರೆ ಕೈಕಟ್ಟಿ ಕೂರುವುದು ಎಂದುಕೊಂಡ ನಮಗೆ ಇದನ್ನು ಕಂಡರೆ ಹೊಟ್ಟೆಕಿಚ್ಚಾಗಬೇಕು.

ಹೊಸ ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಹೆಸರು ಕೆತ್ತಿದ ಕಲ್ಲೂ ನಿಲ್ಲುತ್ತದೆ. ಹಳೆಯ ಪೈಪು ಬದಲಿಸಿದವರ ಹೆಸರನ್ನು ಯಾರೂ ಕೆತ್ತುವುದಿಲ್ಲ. ನಮ್ಮ ಶಾಸನಕಾರರಿಗೆ ಈ ಕಷ್ಟ ತಿಳಿದಿತ್ತು. ಗುಡಿಗೋ ಬಸದಿಗೋ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ವನ್ನು, ಅಂದರೆ ಒಡೆದ, ಬಿರಿದ ಭಾಗಗಳ ದುರಸ್ತಿಯನ್ನು, ಮರೆಯದೆ ಬರೆಸುತ್ತಿದ್ದರು. ಆ ಶಿಬಿರಗಳಿಗೆ ಅಂಥ ದತ್ತಿಯಾಗಿ ಒದಗಿರುವುದು ಈ ಮುದುಕರ ಮೂರು ವಾರಗಳು.

ಹಳೆಯ ಶಿಬಿರಗಳಲ್ಲಿ ಇನ್ನೊಂದು ತೊಡಕಿದೆ. ದಶಕಗಳ ಹಿಂದೆ ಹೂತ ಪೈಪು ಎಲ್ಲಿ ಹಾದಿದೆ ಎಂಬುದು ಅಲ್ಲೇ ದುಡಿದು ಹಳಬನಾದ ಒಬ್ಬನ ತಲೆಯಲ್ಲಷ್ಟೇ ಇರುತ್ತದೆ. ಅವನು ಹೋದರೆ ನೆಲ ಅಗೆದೇ ಹುಡುಕಬೇಕು. ಅದಕ್ಕೇ ಅನುಭವಸ್ಥರು ಹೊರಡುವ ಮುನ್ನ ಕಾಗದದಲ್ಲಿ ಒಂದು ಗೆರೆ ಎಳೆದಿಡುತ್ತಾರೆ: ಊಟದ ಮನೆಯ ಮೂಲೆಯಿಂದ ಇಷ್ಟು ಅಡಿ, ಆ ಓಕ್ ಮರದ ಬಲಕ್ಕೆ, ಇಲ್ಲಿದೆ ವಾಲ್ವ್.