ಹಿಮದ ಹಾದಿ

ನಮ್ಮ ನಾಡಿನವರಿಗೆ ‘ಮಂಜು’ ಎಂಬುದು ಸುಕುಮಾರವಾದ ಮಾತು. ಮಡಿಕೇರಿಯ ಬೆಟ್ಟಗಳ ಮೇಲೆ ಮುಂಜಾನೆ ಹಬ್ಬಿ, ಬಿಸಿಲೇರಿದೊಡನೆ ಕರಗಿಹೋಗುವ ತೆರೆಯನ್ನು ನಾವು ಮಂಜೆನ್ನುತ್ತೇವೆ. ಆಕಾಶದಿಂದ ಅರಳೆಯಂತೆ ಉದುರಿ ನೆಲವನ್ನು ಮೊಳಕಾಲುದ್ದ ಮುಚ್ಚುವ ಹಿಮಕ್ಕೂ ಎಷ್ಟೋ ವೇಳೆ ಅದೇ ಹೆಸರನ್ನು ಕೊಡುತ್ತೇವೆ. ಮೊದಲನೆಯದು ದಾರಿಯನ್ನು ಕಣ್ಣಿಗೆ ಮರೆಮಾಡುತ್ತದೆ. ಎರಡನೆಯದು ಗಾಲಿಗೂ ದಾರಿಗೂ ಇರುವ ನಂಟನ್ನೇ ಸಡಿಲಿಸಿಬಿಡುತ್ತದೆ. ಚಳಿಗಾಲದಲ್ಲಿ ಮನಾಲಿ, ಕಾಶ್ಮೀರಗಳಿಗೆ ಪ್ರವಾಸ ಹೋಗುವ ಕನ್ನಡಿಗರು ಇಂದು ಅಪರೂಪವಲ್ಲ. ಅಲ್ಲಿ ಸ್ವತಃ ವಾಹನ ನಡೆಸಲು ಹೊರಡುವವರು ಈ ನಂಟಿನ ವಿಷಯವನ್ನು ಸ್ವಲ್ಪ ತಿಳಿದಿರಬೇಕು.

ವಾಹನ ಓಡುವುದು ಎಂಜಿನ್ನಿನಿಂದ, ನಿಲ್ಲುವುದು ಬ್ರೇಕಿನಿಂದ ಎಂದು ನಾವು ಭಾವಿಸುತ್ತೇವೆ. ಇದು ಅರ್ಧ ಸತ್ಯ. ಎಂಜಿನ್ನು ಗಾಲಿಯನ್ನು ತಿರುಗಿಸಬಲ್ಲದು, ಬ್ರೇಕು ಅದನ್ನು ತಡೆಯಬಲ್ಲದು, ಅಷ್ಟೆ. ವಾಹನವನ್ನು ಮುಂದೆ ನಡೆಸುವ, ನಿಲ್ಲಿಸುವ, ತಿರುಗಿಸುವ ಕೆಲಸವೆಲ್ಲ ಟೈರಿಗೂ ನೆಲಕ್ಕೂ ನಡುವಣ ಘರ್ಷಣೆಯದು. ಕಾರಿನ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಡಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಒಣ ಡಾಂಬರಿನ ಮೇಲೆ ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಬ್ರೇಕು ಒತ್ತಿದ ಮೇಲೆ ಸುಮಾರು 9 ಮೀಟರಿನೊಳಗೆ ನಿಂತೀತು. ಗಟ್ಟಿಯಾದ ಹಿಮದ ಮೇಲೆ ಅದಕ್ಕೆ ಸುಮಾರು 30 ಮೀಟರು ಬೇಕು. ನೀರ್ಗಲ್ಲಿನ ಮೇಲಾದರೆ 60 ಮೀಟರು. ವೇಗವನ್ನು ಅರ್ಧಕ್ಕಿಳಿಸಿದರೆ ಈ ದೂರ ಕಾಲುಭಾಗಕ್ಕಿಳಿಯುತ್ತದೆ. ವಿಜ್ಞಾನದ ತರಗತಿಯಲ್ಲಿ ಕಲಿತ ಸೂತ್ರದಿಂದಲೇ ವಿದ್ಯಾರ್ಥಿಗಳು ಇದನ್ನು ಲೆಕ್ಕಹಾಕಿ ನೋಡಬಹುದು.

ಕಣ್ಣಿಗೆ ಬೆಳ್ಳಗೆ ಕಾಣುವ ಹಿಮ ತನ್ನ ಇರವನ್ನು ತಾನೇ ಸಾರುತ್ತದೆ. ಹೆಚ್ಚು ಅಪಾಯಕಾರಿಯಾದುದು ಕಾಣದ ನೀರ್ಗಲ್ಲು. ಹಗಲು ಕರಗಿ ರಸ್ತೆಗೆ ಅಡ್ಡಲಾಗಿ ಹರಿದ ನೀರು ಸಂಜೆಯ ಚಳಿಗೆ ಗಾಜಿನ ತೆಳು ಹಾಳೆಯಂತೆ ಹೆಪ್ಪುಗಟ್ಟುತ್ತದೆ. ಅದರ ಮೂಲಕ ಡಾಂಬರಿನ ಕಪ್ಪು ಕಾಣುವುದರಿಂದ ರಸ್ತೆ ಬರಿಯ ಒದ್ದೆಯಾಗಿದೆಯೆಂದು ಚಾಲಕ ಮೋಸಹೋಗುತ್ತಾನೆ. ಬಿಸಿಲು ಬೀಳದ ತಿರುವುಗಳಲ್ಲಿಯೂ ಸೇತುವೆಗಳ ಮೇಲೆಯೂ ಇದು ಮೊದಲು ಕಟ್ಟುತ್ತದೆ. ಸೇತುವೆಗೆ ಭೂಮಿಯ ಬೆಚ್ಚನೆಯ ಆಸರೆಯಿಲ್ಲ. ಕೆಳಗಿನಿಂದಲೂ ತಣ್ಣನೆಯ ಗಾಳಿ ಬಡಿಯುತ್ತಿರುತ್ತದೆ.

ಕೆಲವು ವರ್ಷಗಳ ಹಿಂದೆ, ಒಂದು ಜನವರಿಯಲ್ಲಿ, ಮನಾಲಿಯಿಂದ ಲಾಹೌಲ್ ಕಣಿವೆಗೆ ಬಾಡಿಗೆ ಜೀಪಿನಲ್ಲಿ ಹೋಗಿದ್ದೆ. 3,978 ಮೀಟರು ಎತ್ತರದ ರೋಹ್ತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿಹೋಗಿ ಲಾಹೌಲಿನ ಜನ ವರ್ಷದಲ್ಲಿ ಸುಮಾರು ಆರು ತಿಂಗಳು ಹೊರಜಗತ್ತಿನಿಂದ ದೂರವಾಗುತ್ತಿದ್ದ ಕಾಲವಿತ್ತು. 2020ರ ಅಕ್ಟೋಬರಿನಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಆ ಕಷ್ಟ ಬಹುಮಟ್ಟಿಗೆ ನೀಗಿತು. ಸುರಂಗದೊಳಗೆ ರಸ್ತೆ ಒಣಗಿ ಸೊಗಸಾಗಿತ್ತು. ಆದರೂ ಕೊನೆ ಹತ್ತಿರವಾಗುತ್ತಲೇ ನಮ್ಮ ಚಾಲಕ, ಆ ಕಡೆಯವನೇ ಆದ ಯುವಕ, ವೇಗವನ್ನು ತಗ್ಗಿಸಿಬಿಟ್ಟ. ಏಕೆಂದು ಕೇಳಿದೆ.

“ಮಾಸ್ತರ್‌ಜೀ, ಇಲ್ಲಿ ಬ್ರೇಕು ಹೇಳಿದ ಮಾತು ಕೇಳುತ್ತದೆ. ಹೊರಗೆ ಕೇಳುವುದಿಲ್ಲ” ಎಂದ.

ಹೊರಗೆ ಬಂದರೆ ಎದುರಿಗೇ ಚಂದ್ರಾ ನದಿಯ ಸೇತುವೆ, ಸುತ್ತಲೂ ಬಿಳುಪು. ಅವನು ಒಂದು ಬದಿಗೆ ನಿಲ್ಲಿಸಿ ಗಾಲಿಗಳಿಗೆ ಕಬ್ಬಿಣದ ಸರಪಳಿ ಬಿಗಿಯತೊಡಗಿದ. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹರಿಯುವ ವಾಹನಕ್ಕೆ ಇದೇಕೆ ಎಂದು ನಾನು ಗೊಣಗಿದೆ. ಕಾಲು ಗಂಟೆ ಚಳಿಯಲ್ಲಿ ನಿಂತವನ ಗೊಣಗಾಟ. ನಾಲ್ಕು ಗಾಲಿಗಳ ಬಲ ಏರಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ನೆರವಾಗದು. ಈ ಭ್ರಮೆಯಿಂದ ಕೆಟ್ಟವರು ಬಹಳ. ಸರಪಳಿ ಹಿಮವನ್ನು ಕಚ್ಚುತ್ತದೆ. ಆದರೆ ಒಣ ಡಾಂಬರು ಬಂದೊಡನೆ ಅದನ್ನು ಬಿಚ್ಚಬೇಕು, ಇಲ್ಲವಾದರೆ ಸರಪಳಿಗೂ ರಸ್ತೆಗೂ ಕೇಡು.

ಮುಂದೆ ಇಳಿಜಾರಿನಲ್ಲಿ ಅವನು ಬ್ರೇಕನ್ನು ಮುಟ್ಟಿದ್ದು ಕಡಮೆ. ಕೆಳಗಿನ ಗೇರಿಗಿಳಿಸಿ, ಎಂಜಿನ್ನೇ ಜೀಪನ್ನು ಹಿಡಿದಿರುವಂತೆ ಮಾಡಿದ್ದ. ಒಂದು ನೆರಳಿನ ತಿರುವಿನಲ್ಲಿ ಜೀಪಿನ ಹಿಂಭಾಗ ಬಲಕ್ಕೆ ಜಾರಿತು. ನಾನಾಗಿದ್ದರೆ ಬ್ರೇಕನ್ನು ಬಲವಾಗಿ ತುಳಿಯುತ್ತಿದ್ದೆ. ಅವನು ಕಾಲನ್ನು ಹಗುರಮಾಡಿ, ಸ್ಟೀರಿಂಗನ್ನು ಜಾರಿದ ಕಡೆಗೇ, ಬಲಕ್ಕೇ, ಮೆಲ್ಲನೆ ತಿರುಗಿಸಿದ; ಜೀಪು ನೆಟ್ಟಗಾಯಿತು. ತಿರುಗುವುದನ್ನೇ ನಿಲ್ಲಿಸಿದ ಗಾಲಿ ಸ್ಟೀರಿಂಗಿನ ಮಾತನ್ನು ಕೇಳದು. ಉರುಳುತ್ತಿರುವ ಗಾಲಿ ಮಾತ್ರ ಕೇಳುತ್ತದೆ. ಇಂದಿನ ಕಾರುಗಳಲ್ಲಿ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕಿನ ಏರ್ಪಾಡು ಇದೆ, ನಿಜ. ಅದು ದಿಕ್ಕನ್ನು ಉಳಿಸಿಕೊಡುತ್ತದೆ. ಇಲ್ಲದ ಘರ್ಷಣೆಯನ್ನು ತಂದುಕೊಡಲಾರದು. ಸ್ವೀಡನ್ನಿನಂತಹ ದೇಶಗಳಲ್ಲಿ ಚಳಿಯಲ್ಲಿಯೂ ಮೆತ್ತಗಿರುವ ಬೇರೆ ಟೈರುಗಳನ್ನು ಚಳಿಗಾಲದಲ್ಲಿ ಹಾಕಿಸುವುದು ಕಾನೂನಿನಿಂದಲೇ ಕಡ್ಡಾಯ.

ಇದೆಲ್ಲವೂ ಚಲಿಸುವಾಗಿನ ಮಾತಾಯಿತು. ನಿಂತ ವಾಹನವೂ ಕೊಲ್ಲಬಲ್ಲದು. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ‍್ರೀ ಎಂಬ ಗಿರಿಧಾಮದ ಬಳಿ, ಹಿಮ ನೋಡಲು ಬಂದು ರಸ್ತೆಯಲ್ಲಿ ಸಿಕ್ಕಿಬಿದ್ದ 20ಕ್ಕೂ ಹೆಚ್ಚು ಜನ ತಮ್ಮ ವಾಹನಗಳಲ್ಲಿ ಪ್ರಾಣಬಿಟ್ಟರು. ಕೆಲವರನ್ನು ಚಳಿ ಕೊಂದಿತು, ಕೆಲವರನ್ನು ಕಾರ್ಬನ್ ಮಾನಾಕ್ಸೈಡು ಎಂದು ಆಗ ವರದಿಯಾಯಿತು. ಬೆಚ್ಚಗಿರಲೆಂದು ಎಂಜಿನ್ನನ್ನು ನಡೆಸುತ್ತ ಕುಳಿತಾಗ, ಸುರಿಯುವ ಹಿಮ ಹೊಗೆಕೊಳವೆಯನ್ನು ಮುಚ್ಚಿದರೆ ಈ ಅನಿಲ ಒಳಗೆ ನುಗ್ಗಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದಂತಾಗುತ್ತದೆ. ಸಿಕ್ಕಿಬಿದ್ದವರು ವಾಹನವನ್ನು ಬಿಟ್ಟು ಹಿಮದಲ್ಲಿ ನಡೆದುಹೋಗಬಾರದು. ಒಳಗೇ ಇದ್ದು, ಕೊಳವೆಯ ಬಾಯನ್ನು ಬಿಡಿಸಿಕೊಂಡು, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ನನ್ನು ನಡೆಸಿ, ಗಾಳಿ ಬೀಸದ ಬದಿಯ ಕಿಟಕಿಯನ್ನು ಬೆರಳಷ್ಟು ತೆರೆದಿಡಬೇಕು.

ಸಿಸ್ಸು ಎಂಬ ಹಳ್ಳಿಯಲ್ಲಿ ನಾವು ಚಹಾ ಕುಡಿದು ಬರುವಷ್ಟರಲ್ಲಿ ಜೀಪಿನ ಮೇಲೆ ಗೇಣುದ್ದ ಹಿಮ ಬಿದ್ದಿತ್ತು. ಎಲ್ಲರೂ ನಡುಗುತ್ತ ಒಳಗೆ ಕುಳಿತು, ಬೇಗ ಎಂಜಿನ್ನು ಹಚ್ಚೆಂದು ಕೂಗಿದೆವು. ಅವನು ಉತ್ತರ ಕೊಡದೆ ಜೀಪಿನ ಹಿಂದೆ ಹೋಗಿ, ಬಗ್ಗಿ, ಹೊಗೆಕೊಳವೆಯ ಬಾಯಲ್ಲಿದ್ದ ಹಿಮವನ್ನು ಬರಿಗೈಯಿಂದ ತೆಗೆದುಹಾಕಿ ಬಂದ ಮೇಲೆಯೇ ಕೀಲಿಯನ್ನು ತಿರುಗಿಸಿದ.