ಟಿ-ಕಣಗಳ ಆಯುಸ್ಸೂ ಇಂಟರ್‌ಲ್ಯೂಕಿನ್-೨ ಎಂಬ ದೂತದ್ರವ್ಯವೂ

ರೋಗರಕ್ಷಣೆಯಲ್ಲಿ ನಿಯುಕ್ತವಾದ ಟಿ-ಕಣಗಳೆಂಬ ಬಿಳಿಯ ರಕ್ತಕಣಗಳ ಆಯುಸ್ಸು ಪರಾಧೀನವಾದುದು. ೧೯೭೬ರಲ್ಲಿ ಅಮೆರಿಕೆಯ ಮಾರ್ಗನ್, ರಸೆಟ್ಟಿ, ಗ್ಯಾಲೊ ಎಂಬವರು, ಪ್ರಚೋದಿತ ರಕ್ತಕಣಗಳಿಂದ ಒಸರಿದ ದ್ರವದಲ್ಲಿ ಇವನ್ನು ಬಹುಕಾಲ ಬೆಳೆಸಿದರು. ಅದರೊಳಗಣ ಪೋಷಕದ್ರವ್ಯಕ್ಕೆ ಬಳಿಕ ಇಂಟರ್‌ಲ್ಯೂಕಿನ್-೨ ಎಂದು ಹೆಸರಾಯಿತು. ಇದು ಕಣದ ಮೇಲಣ ಗ್ರಾಹಕವನ್ನು ಸೇರಿದೊಡನೆ, ಮರಣವನ್ನು ತಡೆಯುವ ಬಿಸಿಎಲ್-೨ ಎಂಬ ಸಸಾರಜನಕವು ಒಳಗೆ ಹೆಚ್ಚುವುದು. ದ್ರವ್ಯವು ತಪ್ಪಿದರೆ ಪ್ರಚೋದಿತ ಕಣವು ತಾನಾಗಿ ಅಳಿಯುವುದು. ಈ ಅಳಿವಿಗೆ ‘ಅಪೊಪ್ಟೋಸಿಸ್’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಎಲೆಯುದುರುವಿಕೆ ಎಂದರ್ಥ. ಒಪ್ಪುವ ಹೆಸರೇ ಸರಿ.

ಹಾಗಾದರೆ ಈ ದ್ರವ್ಯವಿಲ್ಲದ ಇಲಿಗಳಲ್ಲಿ ಟಿ-ಕಣಗಳು ಕ್ಷೀಣಿಸಬೇಕೆಂದು ವಾಚಕರು ಊಹಿಸಬಹುದು. ೧೯೯೩ರಲ್ಲಿ ಕಂಡುದು ಇದಕ್ಕೆ ವಿಪರೀತ: ಕಣಗಳು ಮಿತಿಮೀರಿ ಉದ್ರೇಕಗೊಂಡು ಸ್ವಶರೀರದ ಕರುಳನ್ನೇ ಬಾಧಿಸಿದುವು. ಕಾರಣವೇನೆಂದರೆ, ಇತರ ಕಣಗಳನ್ನು ಅಡಗಿಸುವ ನಿಯಾಮಕ ಟಿ-ಕಣಗಳು ಈ ದ್ರವ್ಯವನ್ನು ತಾವು ಉತ್ಪಾದಿಸಲಾರವು. ನೆರೆಯ ಕಣಗಳು ಕೊಟ್ಟುದರಿಂದಲೇ ಜೀವಿಸುವುವು.